ಮಳೆ ಪುಸ್ತಕದ ಷರಾ ಕಾಲಂ

ನಮ್ಮ ಮನೆಯಲ್ಲಿ ಒಂದು ಮಳೆ ಪುಸ್ತಕ ಇದೆ. ಕೊಡಗಿನ ಕಾಫಿ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಿನಾ ಬೆಳಿಗ್ಗೆ ಅಂಗಳದ ಮಳೆ ಮಾಪಕದ ನೀರು ಅಳೆದು, ತಾರೀಕಿನ ಎದುರು ಇಷ್ಟು ಇಂಚು, ಇಷ್ಟು ಸೆಂಟ್ ಅಂತ ಬರೆಯುವುದು. ನೂರು ಸೆಂಟಿಗೆ ಒಂದು ಇಂಚು. ಮಾವ ಇದ್ದಾಗ ಅವರು ಬರೆಯುತ್ತಿದ್ದರು, ಈಗ ನಾನು. ಕೊನೆಯಲ್ಲಿ 'ಷರಾ' ಅಂತ ಒಂದು ಸಣ್ಣ ಕಾಲಂ. ಮಾವ ಅದರಲ್ಲಿ ಬರೆದದ್ದು ತುಂಬಾ ಕಡಿಮೆ. 'ಹೂಮಳೆ', 'ಆನೆ ಬಂತು', 'ಗೊಬ್ಬರ ಆಯಿತು', ಅಷ್ಟೇ.

2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಿನ ಗುಡ್ಡಗಳು ಜಾರಿದಾಗ ನಮ್ಮ ಮನೆ ಉಳಿಯಿತು. ಆದರೆ ತೋಟದ ಕೆಳಗಿನ ಮೂಲೆ ಕಾಫಿ ಗಿಡ, ಸಿಲ್ವರ್ ಮರ, ಮೆಣಸಿನ ಬಳ್ಳಿ ಸಮೇತ ತೋಡಿಗೆ ಹೋಯಿತು. ಮುಂದಿನ ಆಗಸ್ಟಿನಲ್ಲಿ ಜಿಲ್ಲೆಯಲ್ಲಿ ಮತ್ತೆ ಗುಡ್ಡ ಕುಸಿಯಿತು. ಅಲ್ಲಿಂದ ನನ್ನ ನಿದ್ದೆ ಕೆಟ್ಟಿತು. ಶೀಟಿನ ಮೇಲೆ ನಾಲ್ಕು ಹನಿ ಜೋರಾಗಿ ಬಿದ್ದರೆ ಸಾಕು, ಎದ್ದು ಕೂರುತ್ತಿದ್ದೆ. ಟಾರ್ಚ್ ಹಿಡಿದು ಹಿತ್ತಿಲಿಗೆ ಹೋಗಿ ಬರೆ, ಅಂದರೆ ಮನೆ ಹಿಂದಿನ ಕಡಿದಾದ ಮಣ್ಣಿನ ದಿಣ್ಣೆ, ಹಾಗೇ ಇದೆಯಾ ನೋಡಿ ಬರುವುದು. ಒಂದು ಗಂಟೆಗೆ ಒಮ್ಮೆ, ಮೂರು ಗಂಟೆಗೆ ಇನ್ನೊಮ್ಮೆ. ಬಿಪಿ ಮಾತ್ರೆಯೂ ಶುರುವಾಯಿತು.

ಮೈಸೂರಿನಲ್ಲಿರುವ ಮಗಳು ಹೇಳಿದಳು: "ಅಮ್ಮಾ, ರಾತ್ರಿ ಮಲಗುವ ಮೊದಲು ಮೂರು ಒಳ್ಳೆಯ ವಿಷಯ ಬರಿ. ಕೃತಜ್ಞತೆ ಇದ್ರೆ ಆರೋಗ್ಯಕ್ಕೆ ಒಳ್ಳೇದಂತೆ." ಫೋನಿನಲ್ಲಿ ಅಲಾರಂ ಕೂಡ ಅವಳೇ ಇಟ್ಟುಕೊಟ್ಟಳು.

ಮೊದಲ ವಾರ ಚೆನ್ನಾಗಿತ್ತು. ಎರಡನೇ ವಾರಕ್ಕೆ ಮನೆ, ಮಕ್ಕಳು, ಆರೋಗ್ಯ. ಮೂರನೇ ವಾರಕ್ಕೂ ಮನೆ, ಮಕ್ಕಳು, ಆರೋಗ್ಯ. ಚೆಕ್‌ರೋಲಿನಲ್ಲಿ, ಅಂದರೆ ಆಳುಗಳ ಹಾಜರಿ ಪುಸ್ತಕದಲ್ಲಿ, ಹೆಸರು ಕೂಗಿದ ಹಾಗೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. 'ಮನೆ ಉಳಿಯಿತು' ಅಂತ ಬರೆದ ಕೂಡಲೇ ಮನೆ ಉಳಿಯದವರ ಮುಖ ಕಣ್ಣ ಮುಂದೆ ಬರುತ್ತಿತ್ತು. ಬೇರೆಯವರ ಕಷ್ಟದ ಪಕ್ಕ ನಿಂತು ನನ್ನ ಭಾಗ್ಯ ಎಣಿಸುವುದು ಹಿಡಿಸಲಿಲ್ಲ. ಅಲಾರಂ ತೆಗೆದುಬಿಟ್ಟೆ.

ಆಮೇಲಿನ ಒಂದು ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ, ನಾಲ್ಕು ದಿನ ಕರೆಂಟ್ ಇರಲಿಲ್ಲ. ಫೋನ್ ಸತ್ತಿತ್ತು. ಬೆಳಿಗ್ಗೆ ಮಳೆ ಬರೆಯುವಾಗ ಸುಮ್ನೆ ಷರಾ ಕಾಲಂನಲ್ಲಿ ಒಂದು ಸಾಲು ಗೀಚಿದೆ: 'ಹೇಳದೆಯೇ ಬರೆಯ ಮೇಲಿನ ಚರಂಡಿ ಬಿಡಿಸಿದ.' ನಮ್ಮ ಲೈನ್‌ಮನೆಯಲ್ಲಿ, ಅಂದರೆ ತೋಟದ ಕೆಲಸದವರ ಸಾಲುಮನೆಯಲ್ಲಿ, ಇರುವ ಹುಡುಗನ ವಿಷಯ. ಹಿಂದಿನ ಸಂಜೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಗುದ್ದಲಿ ತಗೊಂಡು ಅವನೇ ಮೇಲೆ ಹೋಗಿದ್ದ. ಸಿಲ್ವರ್ ಎಲೆ, ಮಣ್ಣು ಎಲ್ಲಾ ಎಳೆದು ಹಾಕಿದ ಮೇಲೆ ಕಟ್ಟಿ ನಿಂತಿದ್ದ ಕೆಂಪು ನೀರು ಗಳಗಳ ಅಂತ ತೋಡಿನ ಕಡೆ ತಿರುಗಿತು. ಆ ರಾತ್ರಿ ಎಚ್ಚರವಾದಾಗ ಬರೆ ಕಣ್ಣಿಗೆ ಬರಲಿಲ್ಲ. ಕೊಪ್ಪೆ ಹೊದ್ದು ಬಗ್ಗಿದ ಆ ಬೆನ್ನು ಬಂತು. ಮತ್ತೆ ನಿದ್ದೆ ಹತ್ತಿತು.

ಇದರ ಬಗ್ಗೆ ಓದಿದ್ದು ಆಮೇಲೆ. 2003ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲಾ ಕಾಲೇಜು ವಿದ್ಯಾರ್ಥಿಗಳಿಂದ ಹತ್ತು ವಾರ ಬರೆಸಿದ್ದರಂತೆ. ಕೆಲವರಿಗೆ ಉಪಕಾರಗಳನ್ನು ಬರೆಯಲು ಹೇಳಿದರು, ಕೆಲವರಿಗೆ ಕಿರಿಕಿರಿಗಳನ್ನು. ಉಪಕಾರ ಬರೆದವರು ಮೈಕೈ ನೋವಿನಂಥ ದೂರು ಹೇಳಿದ್ದು ಕಡಿಮೆ, ವ್ಯಾಯಾಮ ಮಾಡಿದ್ದು ಜಾಸ್ತಿ. ನರ ಮತ್ತು ಸ್ನಾಯುವಿನ ಕಾಯಿಲೆ ಇದ್ದವರಿಂದ ಮೂರು ವಾರ ದಿನಾ ಬರೆಸಿದಾಗ ಅವರ ನಿದ್ದೆ ಹೆಚ್ಚಾಯಿತು. 2009ರಲ್ಲಿ ಬ್ರಿಟನ್ನಿನ ಅಲೆಕ್ಸ್ ವುಡ್ ಮತ್ತು ಜೊತೆಯವರು ಕಂಡುಕೊಂಡದ್ದು ನನ್ನ ಕಥೆಗೆ ಇನ್ನೂ ಹತ್ತಿರ. ಕೃತಜ್ಞತೆ ಇರುವವರಿಗೆ ಮಲಗುವ ಹೊತ್ತಿನಲ್ಲಿ ಬರುವ ಯೋಚನೆಗಳೇ ಬೇರೆ, ನಿದ್ದೆ ಚೆನ್ನಾಗಿರುವುದು ಅದರಿಂದ. ಇನ್ನೊಂದು ಸಮಾಧಾನವೂ ಸಿಕ್ಕಿತು. ಅಮೆರಿಕದ ಇನ್ನೊಬ್ಬ ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್ಸ್ಕಿಯವರ ಪ್ರಯೋಗದಲ್ಲಿ ವಾರಕ್ಕೊಮ್ಮೆ ಬರೆದವರಿಗೆ ಉಪಯೋಗ ಆಯಿತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ನನ್ನ ಚೆಕ್‌ರೋಲ್ ಕಥೆ ನನ್ನೊಬ್ಬಳದ್ದಲ್ಲ, ಅಲ್ವಾ!

ಈಗ ನಾನು ಭಾನುವಾರ ಮಾತ್ರ ಬರೆಯುತ್ತೇನೆ. ಒಂದೇ ವಿಷಯ. ಯಾರು, ಏನು ಮಾಡಿದರು ಅಂತ ಇರಬೇಕು. 'ಆರೋಗ್ಯ' ಅಂತ ಬರೆಯುವ ಹಾಗಿಲ್ಲ. 'ಸಂತೆಯಿಂದ ಬರುವಾಗ ಪಕ್ಕದ ಮನೆಯ ಅಕ್ಕ ನನ್ನ ಮಾತ್ರೆ ಮರೆಯದೆ ತಂದರು' ಅಂತ ಬರೆಯಬಹುದು. ಕಾಲಂ ಎರಡು ಬೆರಳಗಲ, ಜಾಸ್ತಿ ಬರೆಯಲು ಜಾಗವೂ ಇಲ್ಲ.

ಬರೆದದ್ದನ್ನು ಆಯಾ ಜನಕ್ಕೆ ಹೇಳಬೇಕು ಅಂತಲೂ ಒಮ್ಮೆ ಹೊರಟೆ. ಚರಂಡಿ ಬಿಡಿಸಿದ ಹುಡುಗನನ್ನು ಕರೆದು, "ನಿನ್ನಿಂದ ತುಂಬಾ ಉಪಕಾರ ಆಯ್ತು, ಥ್ಯಾಂಕ್ಸ್" ಅಂದೆ. ಅವನು ಗಾಬರಿಯಾಗಿ ಕೇಳಿದ: "ಯಾಕಕ್ಕಾ, ನಾಳೆಯಿಂದ ಕೆಲ್ಸ ಇಲ್ವಾ?"

ನಮ್ಮಲ್ಲಿ ಮನೆಯವರಿಗೆ, ಜೊತೆಗಿರುವವರಿಗೆ ಧನ್ಯವಾದ ಹೇಳಿದರೆ ಅವರನ್ನು ಹೊರಗೆ ನಿಲ್ಲಿಸಿದ ಹಾಗೆ. "ಊಟ ಮಾಡ್ಕೊಂಡು ಹೋಗು" ಅನ್ನುವುದರಲ್ಲೇ ಅದು ಇರುತ್ತದೆ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಕದಿರು (ಭತ್ತದ ತೆನೆ) ಕುಯ್ದು ಮನೆಗೆ ತರುವಾಗಲೂ 'ಪೊಲಿ ಪೊಲಿ ದೇವಾ' ಅಂತ ಕೂಗುತ್ತೇವೆ. ಕೊಟ್ಟದ್ದಕ್ಕೆ ವಂದನೆ ಅಂತಲ್ಲ, ಇನ್ನೂ ಹೆಚ್ಚಲಿ ಅಂತ. ನಾನೀಗ ಥ್ಯಾಂಕ್ಸ್ ಬಿಟ್ಟು ಕಡುಬು ಪಂದಿಕರಿ ಮಾಡಿದ ದಿನ ಒಂದು ಪಾತ್ರೆ ಲೈನ್‌ಮನೆಗೆ ಕಳಿಸುತ್ತೇನೆ.

ಇದೇನು ಸರ್ವರೋಗಕ್ಕೆ ಮದ್ದಲ್ಲ. ಒಂದು ಜನವರಿಯಲ್ಲಿ ಕಣದಲ್ಲಿ ಹರಡಿದ್ದ ಕಾಫಿ ಹಣ್ಣು ಅಕಾಲ ಮಳೆಗೆ ನೆನೆದು ಕಪ್ಪಾಯಿತು. ಆ ಭಾನುವಾರ '1 ಇಂಚು 20 ಸೆಂಟ್' ಅಂತ ಬರೆದು ಪುಸ್ತಕ ಮುಚ್ಚಿದೆ. ಷರಾ ಖಾಲಿ. ಅದನ್ನು ಬಲವಂತಕ್ಕೆ ತುಂಬಿಸಬಾರದು. ಬೇಲಿ ಎರಡಡಿ ಒಳಗೆ ಹಾಕಿದ ದಾಯಾದಿಯ ಮೇಲೆ ಸಿಟ್ಟೂ ಇಳಿದಿಲ್ಲ, ಇಳಿಯಬೇಕು ಅಂತ ನನಗೇನೂ ಇಲ್ಲ. ಬಿಪಿ ಮಾತ್ರೆ ಮುಂದುವರಿದಿದೆ. ಪುಸ್ತಕ ನಂಬಿ ಮಾತ್ರೆ ಬಿಡಬೇಡಿ. ನಿದ್ದೆ ಮಾತ್ರ ಸುಧಾರಿಸಿದೆ. ಜೋರು ಮಳೆಗೆ ಈಗಲೂ ಒಮ್ಮೆ ಏಳುತ್ತೇನೆ, ಬರೆ ನೋಡಿ ಬರುತ್ತೇನೆ. ಎರಡನೇ ಸಲ ಏಳುವುದಿಲ್ಲ.

ಹೋದ ಭಾನುವಾರದ್ದು ಹೀಗಿದೆ: '3 ಇಂಚು 15 ಸೆಂಟ್. ಲೈನ್‌ಮ್ಯಾನ್ ಮಳೆಯಲ್ಲೇ ಕಂಬ ಹತ್ತಿದ. ಕಾಫಿ ಕುಡಿದು ಹೋಗಪ್ಪ ಅಂದೆ, ನಿಲ್ಲಲಿಲ್ಲ. ಒಂದು ಲೋಟ ಬಾಕಿ.'