ಬಡವರ ಕಡತದಲ್ಲಿ ಸಿಕ್ಕ ಮನೆತನ

ನನ್ನ ಅತ್ತೆಯವರ ಹಿರಿಯರೆಲ್ಲ ಇಂಗ್ಲೆಂಡಿನ ನಾರ್ಫಕ್ ಕೌಂಟಿಯ (ಜಿಲ್ಲೆಯಂಥದು) ಒಂದು ಸಣ್ಣ ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿಗೆ ಸೇರಿದ ಊರಿನಲ್ಲಿ, ಹೊಲದ ಕೂಲಿ ಮಾಡಿ ಬದುಕಿದವರು. ಜಮೀನಿಲ್ಲ, ಸ್ವಂತ ಮನೆಯಿಲ್ಲ, ಉಯಿಲಿನ ಮಾತಂತೂ ದೂರ. ಹಳೆಯ ದಾಖಲೆಗಳಲ್ಲಿ ಇಂಥವರ ವಂಶ ಹುಡುಕಿದರೆ ಏನು ಸಿಕ್ಕೀತು ಎಂದು ಮನೆಯವರೇ ಅನುಮಾನಪಟ್ಟಿದ್ದರು. ಕೆಲವರ ಬಾಳಿನ ವಿವರ ಅವರಿಗೆ ಕೂಲಿ ಕೊಟ್ಟ ರೈತರದ್ದಕ್ಕಿಂತ ಹೆಚ್ಚಾಗಿಯೇ ಸಿಕ್ಕಿತು. ಅವರನ್ನು ಸಾಕಬೇಕಾದೀತೆಂಬ ಊರಿನ ಭಯವೇ ಅದಕ್ಕೆ ಕಾರಣ.

ಮೊದಲ ಹಂತ ಸುಲಭ. ಸರ್ಕಾರಿ ಜನನ, ವಿವಾಹ, ಮರಣ ನೋಂದಣಿ 1837ರ ಜುಲೈನಿಂದ ಇದೆ. ಖಾನೇಷುಮಾರಿಗಳಲ್ಲಿ ನಾನು 1841ರದ್ದಕ್ಕಿಂತ 1851ರದ್ದನ್ನು ನಂಬುತ್ತೇನೆ. 1841ರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯುವ ಸೂಚನೆಯಿತ್ತು. ಮೂವತ್ತನಾಲ್ಕರ ಹೆಂಗಸು ಮೂವತ್ತರವಳಾಗಿಬಿಡುತ್ತಾಳೆ. 1851ರಲ್ಲಿ ಹುಟ್ಟಿದ ಪ್ಯಾರಿಷ್‌ನ ಹೆಸರೂ ಇರುತ್ತದೆ. ಅದನ್ನು ಹಿಡಿದು ಚರ್ಚಿನ ರಿಜಿಸ್ಟರುಗಳಿಗೆ ಇಳಿದೆ. ಇವನ್ನು 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಕಡ್ಡಾಯ ಮಾಡಿದ. ಒಂದು ಎಚ್ಚರಿಕೆ: 1752ಕ್ಕೆ ಮೊದಲು ಹೊಸ ವರ್ಷ ಮಾರ್ಚ್ 25ಕ್ಕೆ ಹುಟ್ಟುತ್ತಿತ್ತು. ಏಪ್ರಿಲ್ 1730ರಲ್ಲಿ ಮದುವೆ, ಫೆಬ್ರವರಿ 1730ರಲ್ಲಿ ಮಗು ಎಂದು ಕಂಡರೆ ಯಾರ ಶೀಲವನ್ನೂ ಶಂಕಿಸಬೇಕಿಲ್ಲ.

ನಿಜವಾದ ನಿಧಿ ಕೌಂಟಿಯ ದಾಖಲೆ ಕಚೇರಿಯಲ್ಲಿರುವ ಬಡವರ ಪರಿಹಾರದ ಕಾಗದಗಳು. 1662ರ ಕಾಯಿದೆಯ ನಂತರ, ಕೈಲಾಗದವರನ್ನು ಸಾಕುವ ಹೊಣೆ ಯಾವ ಪ್ಯಾರಿಷ್‌ನದು ಎಂಬುದೇ ದೊಡ್ಡ ವ್ಯಾಜ್ಯ. ಮದುವೆಯಾಗದವನು ಒಂದೂರಿನಲ್ಲಿ ಪೂರ್ತಿ ಒಂದು ವರ್ಷ ಸಂಬಳಕ್ಕಿದ್ದರೆ ಆ ಊರಿನಿಂದ ಪರಿಹಾರ ಪಡೆಯುವ ಹಕ್ಕು ದಕ್ಕುತ್ತಿತ್ತು. ಅದನ್ನು ತಪ್ಪಿಸಲು ಐವತ್ತೊಂದು ವಾರಕ್ಕೇ ಆಳನ್ನು ಗೊತ್ತುಮಾಡಿಕೊಳ್ಳುವ ಜಾಣ ಧಣಿಗಳಿದ್ದರು! ಅನುಮಾನ ಬಂದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಪ್ರಮಾಣ ಮಾಡಿಸುತ್ತಿದ್ದರು. ನಮ್ಮ ಹಿರಿಯನೊಬ್ಬನ ಹೇಳಿಕೆ ಹೀಗೆ ಉಳಿದಿದೆ: ಹುಟ್ಟಿದ್ದು ಎಲ್ಲಿ, ಯಾರ ಬಳಿ ದುಡಿದ, ಸಂಬಳವೆಷ್ಟು, ಕೈಹಿಡಿದವಳು ಯಾರು. ಕೆಳಗೆ ಅವನ ಸಹಿಯ ಬದಲು ಒಂದು ಅಡ್ಡಗೀಟು. ಓದುಬರಹವಿಲ್ಲದವನ ಆತ್ಮಕಥೆಗೆ ಇದಕ್ಕಿಂತ ಹತ್ತಿರದ್ದು ನಾನು ಕಂಡಿಲ್ಲ. ಅದರ ಜೊತೆಗೇ ಗಡೀಪಾರಿನ ಆಜ್ಞೆಯೂ ಇದೆ. ಹೆಂಡತಿ ಮಕ್ಕಳೊಂದಿಗೆ ಅವನನ್ನು ಎಂದೋ ಬಿಟ್ಟುಬಂದ ಊರಿಗೆ ಅಟ್ಟಿದರು.

1836ರ ಕಾಯಿದೆಯಂತೆ ತಯಾರಾದ ಟೈತ್ (ಚರ್ಚಿಗೆ ಸಲ್ಲುತ್ತಿದ್ದ ಬೆಳೆಯ ಹತ್ತನೇ ಒಂದು ಪಾಲು) ನಕ್ಷೆಯನ್ನೂ ನೋಡಿ. ಅದರ ಪಟ್ಟಿ ನಮ್ಮ ಪಹಣಿಯಂತೆಯೇ: ತುಂಡಿನ ಸಂಖ್ಯೆ, ಮಾಲೀಕ, ಅನುಭವದಾರ, ಹೊಲದ ಹೆಸರು, ವಿಸ್ತೀರ್ಣ. ಬಾಡಿಗೆಯ ಗುಡಿಸಲು ಯಾವ ಓಣಿಯಲ್ಲಿತ್ತೆಂದು ಅದರಿಂದ ಗೊತ್ತಾಯಿತು.

ಕಗ್ಗಂಟು ಒಂದೇ. ಆ ಹಿರಿಯನ ತಾಯಿಗೆ ಮದುವೆಯಾಗಿರಲಿಲ್ಲ. ದೀಕ್ಷಾಸ್ನಾನದ ದಾಖಲೆಯಲ್ಲಿ ತಂದೆಯ ಹೆಸರಿಲ್ಲ. ಆದರೆ ಮಗುವಿನ ಖರ್ಚು ಪ್ಯಾರಿಷ್ ಮೇಲೆ ಬೀಳದಂತೆ ಒಬ್ಬ ರೈತನ ಮಗನಿಂದ ಬರೆಸಿಕೊಂಡ ಮುಚ್ಚಳಿಕೆ ಇದೆ. ಅತ್ತೆಯವರು ಅವನನ್ನು ಆಗಲೇ ವಂಶವೃಕ್ಷಕ್ಕೆ ಸೇರಿಸಿ ಹಿಗ್ಗಿದ್ದಾರೆ. ನನಗೆ ಅಷ್ಟು ಧೈರ್ಯವಿಲ್ಲ. ಬಸುರಿಯನ್ನು ಗದರಿಸಿ ಹೇಳಿಸಿದ ಹೆಸರು ಒಂದು ಸುಳಿವೇ ಹೊರತು ಖಚಿತ ಪುರಾವೆಯಲ್ಲ. ಆ ರೈತನ ವಂಶದವರಲ್ಲಿ ಯಾರಾದರೂ ಡಿಎನ್‌ಎ ಪರೀಕ್ಷೆಗೆ ಒಪ್ಪುವವರೆಗೆ ನನ್ನ ಪ್ರತಿಯಲ್ಲಿ ಆ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ.