ಮಲೆನಾಡಿನ ಮಳೆ-ಚಳಿಗೆ ಗ್ಲೌಸ್ ಆರಿಸುವುದು ಹೇಗೆ?

ಡಿಸೆಂಬರ್ ಬೆಳಗ್ಗೆ ಕೊಡಚಾದ್ರಿ ಹತ್ತುವವರಿಗೆ ತೆಳು ಫ್ಲೀಸ್ ಗ್ಲೌಸ್ ಸಾಕು. 1,343 ಮೀಟರ್ ಎತ್ತರದಲ್ಲಿ ಹಿಮವೇನೂ ಬೀಳಲ್ಲ ಅಲ್ವಾ. ತಲೆ ಕೆಡಿಸಿಕೊಳ್ಳಬೇಕಾದವರು ಜುಲೈನಲ್ಲಿ ಆಗುಂಬೆ ಘಾಟಿ ಇಳಿಯುವ ಬೈಕಿನವರು.

ಲೇಬಲ್ ಮೇಲೆ ‘ವಾಟರ್ ರೆಸಿಸ್ಟೆಂಟ್’ ಅಂತಿದ್ದರೆ ಅದು ತುಂತುರು ಮಳೆಗೆ ಮಾತ್ರ. ನಮ್ಮ ಮಳೆಗೆ ಒಳಗೊಂದು ಮೆಂಬ್ರೇನ್ ಇರಲೇಬೇಕು, ಗೋರ್‌ಟೆಕ್ಸ್ ಅಥವಾ ಅಂಥದ್ದೇ ಇನ್ನೊಂದು. ಹೊರಗಿನ ನೀರನ್ನು ತಡೆದು, ಬೆವರಿನ ಆವಿಯನ್ನು ಮಾತ್ರ ಆಚೆ ಬಿಡುವುದು ಅದರ ಕೆಲಸ. ಹತ್ತಿಯ ಒಳಪದರ ಬೇಡವೇ ಬೇಡ. ಒಮ್ಮೆ ನೆನೆದರೆ ಮಳೆಗಾಲ ಮುಗಿಯೋವರೆಗೂ ಒಣಗಲ್ಲ.

ಬಿಗಿಯಾಗಿದ್ದರೆ ಬೆಚ್ಚಗಿರುತ್ತೆ ಅನ್ನೋದು ಸುಳ್ಳು. ಬೆಚ್ಚಗಿಡುವುದು ಒಳಗೆ ನಿಂತ ಗಾಳಿ, ಹಾಗಾಗಿ ಬೆರಳ ತುದಿಯಲ್ಲಿ ಸ್ವಲ್ಪ ಜಾಗ ಇರಲಿ. ಜಾಸ್ತಿ ದಪ್ಪವೂ ಬೇಡ, ಬ್ರೇಕ್ ಹಿಡಿತವೇ ಗೊತ್ತಾಗಲ್ಲ. ಅಂಗಡಿಯಲ್ಲೇ ಹಾಕಿಕೊಂಡು ಮುಷ್ಟಿ ಕಟ್ಟಿ, ಹೊರಗೆ ನಿಲ್ಲಿಸಿದ ನಿಮ್ಮ ಬೈಕಿನ ಕ್ಲಚ್ ಒತ್ತಿ ನೋಡಿ, ಆಮೇಲೆ ಕೈ ಸ್ವಲ್ಪ ಒದ್ದೆ ಮಾಡಿಕೊಂಡು ತೆಗೆಯಿರಿ: ಒಳಪದರ ಬೆರಳಿನ ಜೊತೆ ಕಿತ್ತು ಬಂದರೆ ಆ ಜೋಡಿಯನ್ನು ಅಲ್ಲೇ ಇಡಿ, ಎಷ್ಟೇ ಡಿಸ್ಕೌಂಟ್ ಕೊಟ್ಟರೂ. (ಅಂಗಡಿಯವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.)

ಗಿಡ್ಡ ಗ್ಲೌಸ್ ಆದರೆ ರೇನ್‌ಕೋಟ್ ತೋಳು ಅದರ ಮೇಲೆ ಬರಬೇಕು, ಇಲ್ಲದಿದ್ದರೆ ತೋಳಿನಿಂದ ಇಳಿದ ನೀರು ಸೀದಾ ಒಳಗೆ.

ಒಣಗಿಸೋಕೆ ಬಚ್ಚಲ ಒಲೆ ಹತ್ತಿರ ಇಡಬೇಡಿ, ಶಾಖಕ್ಕೆ ಮೆಂಬ್ರೇನಿನ ಅಂಟು ಬಿಡುತ್ತದೆ. ಒಳಗೆ ಹಳೇ ಪೇಪರ್ ತುರುಕಿ ಫ್ಯಾನ್ ಕೆಳಗೆ ಬಿಡಿ.