ಸಂಬಳದಲ್ಲಿ ಹಿಡಿದ ದುಡ್ಡು ಯಾರಿಗೆ, ಯಾವತ್ತು ಕಟ್ಟಬೇಕು?

ಸಂಬಳದ ಲೆಕ್ಕಕ್ಕೆ ಹೊಸದಾಗಿ ಕೂತವರು ಕೂಡಿಸುವುದರಲ್ಲಿ, ಕಳೆಯುವುದರಲ್ಲಿ ಎಡವುವುದಿಲ್ಲ. ಯಾವ ದುಡ್ಡು ಕೇಂದ್ರದ ಕಾನೂನಿಗೆ ಸೇರಿದ್ದು, ಯಾವುದು ರಾಜ್ಯದ್ದು ಅಂತ ತಿಳಿಯದೆ ಎಡವುತ್ತಾರೆ. ಕರ್ನಾಟಕದ ಸಣ್ಣ ಕಂಪನಿಗಳಲ್ಲಿ ಇದನ್ನು ನೋಡಿ ನೋಡಿ ಸಾಕಾಗಿದೆ.

ಮೊದಲು ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕೇಂದ್ರ: ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ವಿಮೆ), ಆದಾಯ ತೆರಿಗೆಯ ಟಿಡಿಎಸ್ (ಸಂಬಳ ಕೊಡುವಾಗಲೇ ಹಿಡಿಯುವ ತೆರಿಗೆ). ಬಲಕ್ಕೆ ರಾಜ್ಯ: ವೃತ್ತಿ ತೆರಿಗೆ, ಕನಿಷ್ಠ ವೇತನ, ವರ್ಷಕ್ಕೊಮ್ಮೆ ಜನವರಿ 15ರೊಳಗೆ ಕಟ್ಟುವ ಕಾರ್ಮಿಕ ಕಲ್ಯಾಣ ನಿಧಿ. ಹಾಳೆಯನ್ನು ಗೋಡೆಗೆ ಅಂಟಿಸಿ. ಕಂಪ್ಯೂಟರಿನೊಳಗೆ ಇಟ್ಟರೆ ಯಾರೂ ತೆಗೆದು ನೋಡುವುದಿಲ್ಲ.

ಆಮೇಲೆ ಹಾಜರಾತಿ ಮುಗಿಸಿ. ಏಪ್ರಿಲ್ 1ರಿಂದ ತುಟ್ಟಿಭತ್ಯೆ ಬದಲಾಗುತ್ತದೆ, ಯಾರ ಸಂಬಳವೂ ಕನಿಷ್ಠ ವೇತನಕ್ಕಿಂತ ಕೆಳಗೆ ಬಿದ್ದಿಲ್ಲ ತಾನೇ ಅಂತ ನೋಡಿಕೊಳ್ಳಿ.

ಈಗ ಪಿಎಫ್. 20 ಜನ ಇದ್ದರೆ ಕಡ್ಡಾಯ. ನೌಕರರಿಂದ ಶೇ 12, ಮಾಲೀಕರಿಂದ ಶೇ 12. ವೇತನ 15,000 ರೂಪಾಯಿ ಅಂದರೆ ತಲಾ 1,800. ಮಾಲೀಕರ 1,800ರಲ್ಲಿ 1,250 ಪಿಂಚಣಿಗೆ ಹೋಗುತ್ತದೆ, 550 ಪಿಎಫ್ ಖಾತೆಗೆ. ಪಿಎಫ್ ಉಳಿಸಲು ಬೇಸಿಕ್ (ಮೂಲ ವೇತನ) ಕಡಿಮೆ ತೋರಿಸಿ, ಮಿಕ್ಕಿದ್ದನ್ನೆಲ್ಲ ಭತ್ಯೆ ಅಂತ ಬರೆಯುವ ಹಳೇ ಉಪಾಯ ಬಿಟ್ಟುಬಿಡಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳ (ಕಾರ್ಮಿಕ ಕಾನೂನುಗಳ) ಪ್ರಕಾರ, ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದಷ್ಟನ್ನೂ ವೇತನಕ್ಕೇ ಸೇರಿಸಬೇಕು.

ಇಎಸ್‌ಐಗೆ ಬರೋಣ. ತುಂಬಾ ಜನ ತಪ್ಪುವುದು ಇಲ್ಲೇ. 10 ಜನರಿದ್ದ ಕಡೆ, ತಿಂಗಳ ವೇತನ 21,000ದವರೆಗೆ ಇರುವವರಿಗೆ ಇದು ಅನ್ವಯ. ನೌಕರರದ್ದು ಶೇ 0.75, ಮಾಲೀಕರದ್ದು ಶೇ 3.25. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನಪ್ಪಾ ಅಂದರೆ, ವರ್ಷವನ್ನು ಇಲ್ಲಿ ಎರಡು ಕಂತು ಮಾಡಿದ್ದಾರೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಕಂತಿನ ನಡುವೆ ಸಂಬಳ 21,000 ದಾಟಿದರೂ ಆ ಕಂತು ಮುಗಿಯುವ ತನಕ ಕಟ್ಟಲೇಬೇಕು.

ಒಬ್ಬರಿಗೆ ಜೂನ್‌ವರೆಗೆ 20,500 ಇತ್ತು, ಜುಲೈನಲ್ಲಿ 22,000 ಆಯ್ತು ಅಂದುಕೊಳ್ಳಿ. ಜುಲೈನಲ್ಲೇ ಹೆಸರು ತೆಗೆಯುವ ಹಾಗಿಲ್ಲ. ಸೆಪ್ಟೆಂಬರ್‌ವರೆಗೂ ಕಟ್ಟಬೇಕು. ಅದೂ 21,000ಕ್ಕಲ್ಲ, ಪೂರ್ತಿ 22,000ಕ್ಕೆ: ನೌಕರರಿಂದ 165, ಮಾಲೀಕರಿಂದ 715. ಅಕ್ಟೋಬರ್‌ನಿಂದ ಬಿಡಬಹುದು. ನಾನು ಹಿಂದೆ ಬಳಸಿದ ಒಂದು ಅಗ್ಗದ ಸಾಫ್ಟ್‌ವೇರ್ 21,000 ದಾಟಿದ ಕೂಡಲೇ ಸುಮ್ನೆ ಸೊನ್ನೆ ತೋರಿಸುತ್ತಿತ್ತು. ಸೆಪ್ಟೆಂಬರ್ ಕೊನೆಗೆ ಕೈಯಲ್ಲೇ ಲೆಕ್ಕ ಹಾಕಿದಾಗಷ್ಟೇ ಗೊತ್ತಾಯಿತು. ಮತ್ತೊಂದು ವಿಷಯ: ಆಗ ಹಿಡಿಯದೇ ಬಿಟ್ಟ ನೌಕರರ ಪಾಲನ್ನು ಮುಂದಿನ ತಿಂಗಳ ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ. ಅದೂ ಮಾಲೀಕರ ತಲೆಗೇ ಬರುತ್ತದೆ. ಸಂಬಳ ಏರಿಸುವ ಪತ್ರ ಬಂದ ದಿನವೇ ಗೋಡೆಯ ಹಾಳೆಯಲ್ಲಿ ಆ ನೌಕರರ ಹೆಸರು ಹಾಕಿ, ಮುಂದೆ ಕೆಂಪು ಪೆನ್ನಿನಲ್ಲಿ ‘ಸೆಪ್ಟೆಂಬರ್‌ವರೆಗೆ’ ಅಂತ ಬರೆದುಬಿಡಿ.

ವೃತ್ತಿ ತೆರಿಗೆ ಸುಲಭ. ಸಂಬಳ 25,000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತಿಂಗಳಿಗೆ 200, ಫೆಬ್ರುವರಿಯಲ್ಲಿ ಮಾತ್ರ 300. ಆ ನೂರು ಯಾಕೆ ಅಂತ ಪ್ರತಿ ವರ್ಷ ಯಾರಾದರೂ ಜಗಳಕ್ಕೆ ಬರುತ್ತಾರೆ. ಸಂವಿಧಾನದ 276ನೇ ವಿಧಿ ಈ ತೆರಿಗೆಗೆ ವರ್ಷಕ್ಕೆ 2,500ರ ಮಿತಿ ಹಾಕಿದೆ, ರಾಜ್ಯ ಆ ಅಂಚಿನವರೆಗೂ ಹೋಗಿದೆ, ಅಷ್ಟೆ. ಚೆನ್ನೈನಲ್ಲಿ ಶಾಖೆ ಇದ್ದರೆ ಅಲ್ಲಿನವರಿಗೆ ಈ ಲೆಕ್ಕ ಹಾಕಬೇಡಿ. ಅಲ್ಲಿ ವೃತ್ತಿ ತೆರಿಗೆ ವಸೂಲಿ ಮಾಡುವುದು ಮಹಾನಗರ ಪಾಲಿಕೆ, ಆರು ತಿಂಗಳಿಗೊಮ್ಮೆ.

ಉಳಿದದ್ದು ತಾರೀಖು. ಮುಂದಿನ ತಿಂಗಳ 7ಕ್ಕೆ ಟಿಡಿಎಸ್ (ಮಾರ್ಚ್‌ನದಕ್ಕೆ ಮಾತ್ರ ಏಪ್ರಿಲ್ 30), 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ವೃತ್ತಿ ತೆರಿಗೆ. ಪಿಎಫ್, ಇಎಸ್‌ಐ ಚಲನ್ ಅನ್ನು 10ರೊಳಗೆ ಮುಗಿಸಿ. 15ರ ಸಂಜೆ ಎಲ್ಲರೂ ಒಟ್ಟಿಗೆ ನುಗ್ಗಿದಾಗ ವೆಬ್‌ಸೈಟ್ ತೆರೆಯುತ್ತದೆ ಅಂತ ನಂಬಿಕೊಂಡು ಕೂರಬೇಡಿ.